ಸಮುದಾಯ ಅಡುಗೆ ಪುಸ್ತಕಗಳು ಮತ್ತು ಹಬ್ಬದ ಊಟ

ಚರ್ಚು, ಮಹಿಳಾ ಸಂಘ, ಶಾಲೆ ಮೊದಲಾದ ಸ್ಥಳೀಯ ಸಂಸ್ಥೆಗಳ ಸದಸ್ಯರು ತಮ್ಮ ಮನೆಗಳ ಪಾಕವಿಧಾನಗಳನ್ನು ಒಟ್ಟುಗೂಡಿಸಿ, ಸಾಮಾನ್ಯವಾಗಿ ಸಹಾಯಾರ್ಥ ನಿಧಿಗಾಗಿ ಅಚ್ಚು ಹಾಕಿಸಿ ಮಾರುವ ಪುಸ್ತಕಗಳನ್ನು ಸಮುದಾಯ ಅಡುಗೆ ಪುಸ್ತಕಗಳೆಂದು ಕರೆಯಲಾಗುತ್ತದೆ. ಈ ಪ್ರಕಾರವು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಅಂತರ್ಯುದ್ಧದ ಕಾಲದಲ್ಲಿ ರೂಪುಗೊಂಡಿತು. ನವೆಂಬರ್ ತಿಂಗಳ ನಾಲ್ಕನೆಯ ಗುರುವಾರ ಬರುವ ಥ್ಯಾಂಕ್ಸ್‌ಗಿವಿಂಗ್ ಮತ್ತು ಕ್ರಿಸ್‌ಮಸ್ ಹಬ್ಬದ ಊಟಕ್ಕಾಗಿ ಹಳೆಯ ಪ್ರತಿಗಳನ್ನು ಅಲ್ಲಿ ಇಂದಿಗೂ ಬಳಸುವವರಿದ್ದಾರೆ. ಇವು ಬಹುಮಟ್ಟಿಗೆ ಅಡುಗೆ ಬಲ್ಲವರು ಅಡುಗೆ ಬಲ್ಲವರಿಗಾಗಿ ಬರೆದ ಟಿಪ್ಪಣಿಗಳಾದ್ದರಿಂದ, ಅವುಗಳಲ್ಲಿ ಹೇಳದೆ ಬಿಟ್ಟಿರುವುದನ್ನು ತಿಳಿಯದೆ ಅನುಸರಿಸುವುದು ಕಷ್ಟ.

ಹಿನ್ನೆಲೆ

1864ರಲ್ಲಿ ಫಿಲಡೆಲ್ಫಿಯದಲ್ಲಿ ಮರಿಯಾ ಜೆ. ಮಾಸ್ ಸಿದ್ಧಪಡಿಸಿದ ‘ಎ ಪೊಯೆಟಿಕಲ್ ಕುಕ್-ಬುಕ್’ ಅನ್ನು ಈ ಬಗೆಯ ಮೊದಲ ಪುಸ್ತಕವೆಂದು ಸಾಮಾನ್ಯವಾಗಿ ಪರಿಗಣಿಸಲಾಗಿದೆ. ಗಾಯಗೊಂಡ ಸೈನಿಕರ ನೆರವಿಗಾಗಿ ನಡೆದ ಮೇಳದಲ್ಲಿ ಅದನ್ನು ಮಾರಲಾಯಿತು. 1901ರಲ್ಲಿ ಮಿಲ್ವಾಕಿಯ ಲಿಜ್ಜಿ ಬ್ಲ್ಯಾಕ್ ಕ್ಯಾಂಡರ್, ವಲಸೆ ಬಂದ ಯಹೂದಿ ಬಾಲಕಿಯರ ಅಡುಗೆ ತರಗತಿಗಾಗಿ ‘ಸೆಟ್ಲ್‌ಮೆಂಟ್ ಕುಕ್ ಬುಕ್’ ಹೊರತಂದರು. ಮುದ್ರಣಕ್ಕೆ ಕೇಳಿದ 18 ಡಾಲರನ್ನು ಸಂಸ್ಥೆಯ ಆಡಳಿತ ಮಂಡಳಿ ನಿರಾಕರಿಸಿದ್ದರಿಂದ ಜಾಹೀರಾತುಗಳಿಂದ ಹಣ ಹೊಂದಿಸಲಾಯಿತು. ಮುಂದೆ ಆ ಪುಸ್ತಕದ ಪ್ರತಿಗಳು ಲಕ್ಷಗಟ್ಟಲೆ ಮಾರಾಟವಾದವು.

ಹಲವು ಹಳೆಯ ಪುಸ್ತಕಗಳಲ್ಲಿ ಪಾಕವಿಧಾನ ಕೊಟ್ಟ ಗೃಹಿಣಿಯ ಹೆಸರಿನ ಬದಲು ‘ಶ್ರೀಮತಿ’ ಎಂಬುದರ ಮುಂದೆ ಪತಿಯ ಹೆಸರಷ್ಟೇ ಕಾಣುತ್ತದೆ. ದಕ್ಷಿಣದ ಶ್ರೀಮಂತ ಮನೆಗಳಲ್ಲಿ ವಾಸ್ತವವಾಗಿ ಅಡುಗೆ ಮಾಡುತ್ತಿದ್ದ ಕಪ್ಪು ಸ್ತ್ರೀಯರ ಹೆಸರು ಅದಕ್ಕಿಂತಲೂ ಅಪರೂಪ. ಈ ದೃಷ್ಟಿಯಿಂದ 1958ರಲ್ಲಿ ನ್ಯಾಷನಲ್ ಕೌನ್ಸಿಲ್ ಆಫ್ ನೀಗ್ರೊ ವಿಮೆನ್ ಪ್ರಕಟಿಸಿದ ‘ದಿ ಹಿಸ್ಟಾರಿಕಲ್ ಕುಕ್‌ಬುಕ್ ಆಫ್ ದಿ ಅಮೆರಿಕನ್ ನೀಗ್ರೊ’ ಗಮನಾರ್ಹವಾದುದು. ಅದರಲ್ಲಿ ಪಾಕವಿಧಾನಗಳನ್ನು ಪಂಚಾಂಗದಂತೆ ದಿನಾಂಕಗಳಿಗೆ ಹೊಂದಿಸಲಾಗಿದೆ. ಹೊಸ ವರ್ಷದ ದಿನವೇ 1863ರ ವಿಮೋಚನಾ ಘೋಷಣೆ ಜಾರಿಗೆ ಬಂದ ದಿನವೂ ಹೌದು.

ಅಳತೆ ಮತ್ತು ಶಾಖ

ಮಟ್ಟಸ ಅಳತೆಯ ಲೋಟ ಮತ್ತು ಚಮಚಗಳ ಬಳಕೆಯನ್ನು ಜನಪ್ರಿಯಗೊಳಿಸಿದ್ದು 1896ರಲ್ಲಿ ಬಂದ ಫ್ಯಾನಿ ಫಾರ್ಮರ್ ಅವರ ಬಾಸ್ಟನ್ ಪುಸ್ತಕ. ಅದಕ್ಕೂ ಹಿಂದಿನ ಬರಹಗಳಲ್ಲಿ ‘ಮೊಟ್ಟೆ ಗಾತ್ರದ ಬೆಣ್ಣೆ’ ಎಂಬಂಥ ಮಾತುಗಳೇ ಹೆಚ್ಚು. ಇದನ್ನು ಸುಮಾರು 55 ಗ್ರಾಂ ಎಂದು ತಿಳಿಯಬಹುದು. ಸೌದೆ ಅಥವಾ ಕಲ್ಲಿದ್ದಲಿನ ಒಲೆಗೆ ಉಷ್ಣತಾ ಸೂಚಕ ಇರಲಿಲ್ಲ. ಆದ್ದರಿಂದ ‘ಮಂದ’ ಓವನ್ ಎಂದರೆ ಸುಮಾರು 150 ಡಿಗ್ರಿ ಸೆಲ್ಸಿಯಸ್, ‘ಮಧ್ಯಮ’ ಎಂದರೆ 180, ‘ಬಿಸಿ’ ಎಂದರೆ 200ಕ್ಕೂ ಮೇಲೆ ಎಂದು ಅರ್ಥೈಸಲಾಗುತ್ತದೆ. ಕುಂಬಳಕಾಯಿ ಪೈ, ಒಣಹಣ್ಣಿನ ಕೇಕ್ ಮುಂತಾದವುಗಳಲ್ಲಿ ಈ ವ್ಯತ್ಯಾಸವೇ ನಿರ್ಣಾಯಕ.

ಪದಗಳೂ ದಾರಿ ತಪ್ಪಿಸುತ್ತವೆ. ‘ಸಿಹಿ ಹಾಲು’ ಎಂದರೆ ಸಕ್ಕರೆ ಬೆರೆತ ಹಾಲಲ್ಲ, ಹುಳಿಯದ ಹಾಲು. ‘ಹುಳಿ ಹಾಲು’ ಎಂಬುದು ಹಸಿ ಹಾಲು ತಾನಾಗಿ ಹುಳಿತದ್ದು. ಅದರ ಆಮ್ಲವು ಅಡುಗೆ ಸೋಡದೊಂದಿಗೆ ಸೇರಿ ಅನಿಲ ಉಂಟಾಗಿ ಹಿಟ್ಟು ಉಬ್ಬುತ್ತಿತ್ತು. ಪಾಶ್ಚರೀಕರಿಸಿದ ಹಾಲು ಹಾಗೆ ಹುಳಿಯದೆ ಕೆಡುವುದರಿಂದ ಈಗ ಮಜ್ಜಿಗೆಯನ್ನೋ, ಒಂದು ಲೋಟಕ್ಕೆ ಒಂದು ದೊಡ್ಡ ಚಮಚ ನಿಂಬೆರಸ ಬೆರೆಸಿದ ಹಾಲನ್ನೋ ಬಳಸಬೇಕು. ಬದಲಿಗೆ ಸಾದಾ ಹಾಲು ಹಾಕಿದರೆ ಕೇಕು ಉಬ್ಬದು, ಸೋಡದ ಒಗರು ಉಳಿಯುತ್ತದೆ. 20ನೆಯ ಶತಮಾನದ ಮಧ್ಯಭಾಗದ ಪುಸ್ತಕಗಳಲ್ಲಿ ಬರುವ ‘2ನೆಯ ಸಂಖ್ಯೆಯ ಡಬ್ಬಿ’ ಸುಮಾರು ಎರಡೂವರೆ ಲೋಟ ಹಿಡಿಯುತ್ತಿತ್ತು. ಇಂದಿನ ಸಾಮಾನ್ಯ ಡಬ್ಬಿ ಅದಕ್ಕಿಂತ ಚಿಕ್ಕದು.

ಸುರಕ್ಷತೆ

ರುಚಿಯ ವಿಷಯದಲ್ಲಿ ಹಳೆಯ ಪುಸ್ತಕವನ್ನು ನಂಬಬಹುದು, ಸುರಕ್ಷತೆಯ ವಿಷಯದಲ್ಲಿ ನಂಬಬಾರದು. ಕ್ರಿಸ್‌ಮಸ್ ಪಾನೀಯವಾದ ಎಗ್‌ನಾಗ್‌ಗೆ ಹಸಿ ಮೊಟ್ಟೆ ಬಳಸುವ ವಿಧಾನದಲ್ಲಿ ಸಾಲ್ಮೊನೆಲ್ಲಾ ಸೋಂಕಿನ ಅಪಾಯವಿದೆ. ಹಾಲು ಮತ್ತು ಮೊಟ್ಟೆಯ ಮಿಶ್ರಣವನ್ನು 71 ಡಿಗ್ರಿಯವರೆಗೆ ಕಾಯಿಸುವುದು ಈಗಿನ ಸಲಹೆ. ಟರ್ಕಿ ಕೋಳಿಯನ್ನು ರಾತ್ರಿಯಿಡೀ ಅತಿ ಮಂದ ಶಾಖದಲ್ಲಿ ಬೇಯಿಸುವ ಕ್ರಮವನ್ನು ಕೈಬಿಡಬೇಕು. ಓವನ್ 163 ಡಿಗ್ರಿಗಿಂತ ಕಡಿಮೆ ಇರಬಾರದು. ಮಾಂಸದ ಒಳಭಾಗ ಮತ್ತು ಅದರೊಳಗಿನ ಹೂರಣ ಎರಡೂ 74 ಡಿಗ್ರಿ ಮುಟ್ಟಬೇಕು. ಬೀನ್ಸ್‌ನಂಥ ಆಮ್ಲ ಕಡಿಮೆ ಇರುವ ತರಕಾರಿಗಳನ್ನು ಕುದಿನೀರಿನಲ್ಲಷ್ಟೇ ಕಾಯಿಸಿ ಬಾಟಲಿಯಲ್ಲಿ ಮುಚ್ಚಿಡುವ ವಿಧಾನ ಎಲ್ಲಕ್ಕಿಂತ ಅಪಾಯಕರ. ಬಾಟ್ಯುಲಿಸಂ ತರುವ ಬ್ಯಾಕ್ಟೀರಿಯಾದ ಬೀಜಕಣಗಳು ಆ ಶಾಖದಲ್ಲಿ ಸಾಯುವುದಿಲ್ಲ. ಅದಕ್ಕೆ ಒತ್ತಡದ ಪಾತ್ರೆಯೇ ಬೇಕು.

ಭಾರತದಲ್ಲಿ

ಮುಂಬಯಿಯ ಸಾರಸ್ವತ ಮಹಿಳಾ ಸಮಾಜ ಪ್ರಕಟಿಸಿದ ‘ರಸಚಂದ್ರಿಕಾ’ವನ್ನು ಇದೇ ಸಾಲಿಗೆ ಸೇರಿಸಬಹುದು. ಕರ್ನಾಟಕದ ಕರಾವಳಿ ಮೂಲದ, ಕೊಂಕಣಿ ಮನೆಮಾತಿನ ಚಿತ್ರಾಪುರ ಸಾರಸ್ವತರ ಅಡುಗೆಗಳ ಈ ಸಂಗ್ರಹವು ಮೊದಲು ಮರಾಠಿಯಲ್ಲಿ ಬಂದು ನಂತರ ಇಂಗ್ಲಿಷಿಗೆ ಅನುವಾದಗೊಂಡಿತು.