ಕಂದು ಹಾಕುವ ಕುರಿಗಳು: ಪರೋಪಜೀವಿ ರೋಗವನ್ನು ಪತ್ತೆಹಚ್ಚುವ ಬಗೆ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಚರಿತ್ರೆಯನ್ನು ಅಭ್ಯಸಿಸುವವನಿಗೆ ದನಕುರಿಗಳ ವಿಚಾರ ಹೊರಗಿನದಲ್ಲ. ತುರುಗಳನ್ನು ಕಾಯುತ್ತ ಮಡಿದವರ ವೀರಗಲ್ಲುಗಳು ಕನ್ನಡನಾಡಿನ ಶಾಸನರಾಶಿಯ ಒಂದು ದೊಡ್ಡ ಭಾಗ. ಶಿರಾ ತಾಲ್ಲೂಕಿನ ಜುಂಜಪ್ಪನ ಗುಡ್ಡೆಗೆ ಕಾಡುಗೊಲ್ಲರು ಇಂದಿಗೂ ನಡೆದುಕೊಳ್ಳುವರು. ಜುಂಜಪ್ಪನು ಅವರ ಪಾಲಿಗೆ ದನಗಾಹಿಯಾದ ಕುಲವೀರ. ಮಳೆ ಕಡಿಮೆಯಾದ ಈ ಸೀಮೆಯಲ್ಲಿ ಬೆಳೆ ಕೈಕೊಟ್ಟ ವರ್ಷ ಸಂಸಾರವನ್ನು ನಿಲ್ಲಿಸುವುದು ಮಂದೆಯೇ. ಹೀಗಿರಲು ಗಬ್ಬದ ಕುರಿಗಳು ಒಂದರ ಹಿಂದೊಂದು ಕಂದು ಹಾಕಿದರೆ ಕಾರಣವನ್ನು ವಿಚಾರಿಸದಿರಲಾಗದು.

ಕಾರಣಗಳು ಹಲವು. ಬ್ರುಸೆಲ್ಲ ಎಂಬ ಬ್ಯಾಕ್ಟೀರಿಯ ಅವುಗಳಲ್ಲಿ ಹೆಸರಾದದ್ದು. ಇಲ್ಲಿ ವಿವರಿಸಹೊರಟಿರುವುದು ಮತ್ತೊಂದನ್ನು: ಟಾಕ್ಸೊಪ್ಲಾಸ್ಮ ಎಂಬ ಏಕಕೋಶ ಪರೋಪಜೀವಿಯನ್ನು. 1908ರಲ್ಲಿ ಟ್ಯೂನಿಸ್ ನಗರದಲ್ಲಿ ನಿಕೋಲ್ ಮತ್ತು ಮಾನ್ಸೊ ಎಂಬವರು ಇದನ್ನು ಇಲಿಯ ಜಾತಿಗೆ ಸೇರಿದ ಒಂದು ಕಾಡುಪ್ರಾಣಿಯಲ್ಲಿ ಕಂಡರು. ಕುರಿಗಳ ಗರ್ಭಪಾತಕ್ಕೂ ಇದಕ್ಕೂ ಇರುವ ಸಂಬಂಧವನ್ನು 1950ರ ದಶಕದಲ್ಲಿ ನ್ಯೂಜಿಲೆಂಡಿನ ಹಾರ್ಟ್ಲಿ ಮೊದಲಾದವರು ತೋರಿಸಿದರು. ಇದು ಬೆಕ್ಕಿನ ಮಲದಿಂದ ಹರಡುವುದೆಂಬುದು ಖಚಿತವಾದದ್ದು 1970ರ ಹೊತ್ತಿಗೆ. ಸೋಂಕು ತಗುಲಿದ ಬೆಕ್ಕು ಕೆಲವು ದಿನಗಳ ಕಾಲ ಲಕ್ಷಾಂತರ ಅಂಡಕೋಶಗಳನ್ನು ಹೊರಹಾಕುತ್ತದೆ. ತೇವವಿರುವ ಮಣ್ಣಿನಲ್ಲಿ ಅವು ತಿಂಗಳುಗಟ್ಟಲೆ ಬದುಕಿರಬಲ್ಲವು. ಮೇವಿನ ಬಣವೆಯಲ್ಲಿ ಮರಿ ಹಾಕಿದ ಬೆಕ್ಕನ್ನು ಇಲಿ ಹಿಡಿಯಲೆಂದು ಸಾಕುವವರು ಇದನ್ನು ಊಹಿಸಲಾರರು.

ಕುರಿಯ ಗರ್ಭಕಾಲ ಸುಮಾರು ಐದು ತಿಂಗಳು. ಗಬ್ಬವಾದ ಹೊಸತರಲ್ಲಿ ಸೋಂಕು ತಗುಲಿದರೆ ಪಿಂಡವು ಒಳಗೇ ಕರಗಿ, ಕುರಿ ಗೊಡ್ಡೆಂದು ತೋರುತ್ತದೆ. ನಡುವಿನಲ್ಲಾದರೆ ಮರಿ ಸತ್ತು ಒಣಗುವುದು ಅಥವಾ ಕಂದು ಬೀಳುವುದು. ಕೊನೆಯಲ್ಲಾದರೆ ಮರಿ ಬಲಹೀನವಾಗಿ ಹುಟ್ಟಬಹುದು, ಗಟ್ಟಿಯಾಗಿಯೂ ಹುಟ್ಟಬಹುದು. ತಾಯಿಯಲ್ಲಿ ಸಾಮಾನ್ಯವಾಗಿ ರೋಗದ ಚಿಹ್ನೆಯೇ ಇರದು.

ಹಾಗಾದರೆ ಪತ್ತೆ ಹೇಗೆ? ಮೊದಲ ಸಾಕ್ಷ್ಯ ಮಾಸು. ಅದರ ಗುಂಡಿಗಳಂತಹ ಕೆಂಪು ಭಾಗಗಳಲ್ಲಿ ರಾಗಿಕಾಳಿನಷ್ಟು ಬಿಳಿಯ ಚುಕ್ಕೆಗಳಿದ್ದು, ನಡುವಣ ಪೊರೆ ಸಹಜವಾಗಿದ್ದರೆ ಟಾಕ್ಸೊಪ್ಲಾಸ್ಮವನ್ನು ಶಂಕಿಸಬೇಕು. ದುರದೃಷ್ಟವಶಾತ್ ನಾಯಿಯ ಪಾಲಾಗುವುದೂ ಅದೇ.

ಎರಡನೆಯದು ರಕ್ತಪರೀಕ್ಷೆ. 1948ರಲ್ಲಿ ಸೇಬಿನ್ ಮತ್ತು ಫೆಲ್ಡ್‌ಮನ್ ರೂಪಿಸಿದ ಬಣ್ಣದ ಪರೀಕ್ಷೆಯಿಂದ ಮೊದಲ್ಗೊಂಡು ಇಂದಿನ ಎಲೈಸಾದವರೆಗೆ ಇವೆಲ್ಲ ಹುಡುಕುವುದು ಪ್ರತಿಕಾಯಗಳನ್ನು. ಆದರೆ ತಾಯಿಯ ರಕ್ತದಲ್ಲಿ ಪ್ರತಿಕಾಯವಿದೆಯೆಂದರೆ ಎಂದೋ ಒಮ್ಮೆ ಸೋಂಕು ತಗುಲಿತ್ತೆಂದಷ್ಟೇ ಅರ್ಥ. ನಮ್ಮ ಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ ಅದು ತೇದಿಯಿಲ್ಲದ ಶಾಸನ. ಅದೊಂದನ್ನೇ ನಂಬಿ ಈ ವರ್ಷದ ಗರ್ಭಪಾತಕ್ಕೆ ಕಾರಣ ಹೇಳುವುದು ಸರಿಯಲ್ಲ. ಕುರಿ, ಮೇಕೆ, ಹಸುಗಳಲ್ಲಿ ಪ್ರತಿಕಾಯವು ಮಾಸನ್ನು ದಾಟಿ ಮರಿಗೆ ಹೋಗದು. ಗಿಣ್ಣುಹಾಲಿನ ಮೂಲಕವೇ ಸೇರಬೇಕು. ಆದಕಾರಣ ಸತ್ತ ಮರಿಯ ಎದೆಗೂಡಿನ ದ್ರವದಲ್ಲಾಗಲಿ, ಗಿಣ್ಣು ಕುಡಿಯದ ಮರಿಯ ರಕ್ತದಲ್ಲಾಗಲಿ ಪ್ರತಿಕಾಯ ಕಂಡರೆ, ಸೋಂಕು ಗರ್ಭದೊಳಗೇ ಮುಟ್ಟಿತ್ತೆಂಬುದು ನಿಶ್ಚಯ. ತೀರ ಎಳೆಯ ಪಿಂಡಕ್ಕೆ ಪ್ರತಿಕಾಯ ಹುಟ್ಟಿಸುವ ಶಕ್ತಿಯಿರದು, ಅಲ್ಲಿ ಪಿ.ಸಿ.ಆರ್. ವಿಧಾನದಿಂದ ಮಾಸು ಮತ್ತು ಮೆದುಳಿನಲ್ಲಿ ಪರೋಪಜೀವಿಯ ಡಿ.ಎನ್.ಎ.ಯನ್ನೇ ಅರಸಬೇಕು.

ಈ ನಿರ್ಣಯದ ಮೇಲೆ ಕುರಿಯ ಹಣೆಬರಹವೇ ನಿಂತಿದೆ. ಕಂದು ಹಾಕಿದ ಕುರಿಯನ್ನು ಸಂತೆಗೆ ಹೊಡೆಯುವುದು ವಾಡಿಕೆ. ಟಾಕ್ಸೊಪ್ಲಾಸ್ಮದಿಂದ ಕಂದು ಹಾಕಿದ್ದಾದರೆ ಅದು ಮುಂದೆ ಬಹುಮಟ್ಟಿಗೆ ನಿರೋಧಶಕ್ತಿ ಪಡೆದು ಸರಿಯಾಗಿ ಈಯುವ ಕುರಿ. ಅದನ್ನು ಮಾರಿ, ಸೋಂಕನ್ನೇ ಕಾಣದ ಹೊಸ ಕುರಿಯನ್ನು ತರುವುದು ಎರಡು ಸಲ ನಷ್ಟಪಟ್ಟಂತೆ. ಬ್ರುಸೆಲ್ಲವಾದರೆ ಇಟ್ಟುಕೊಳ್ಳುವುದೇ ಅಪಾಯ. ಹಸುಗಳಲ್ಲಿ, 1988ರಲ್ಲಿ ಹೆಸರು ಪಡೆದ ನಿಯೋಸ್ಪೋರ ಎಂಬ ಜೀವಿಯದು ಬೇರೆಯೇ ರೀತಿ: ಅದು ನಾಯಿಯಿಂದ ಬರುವುದಲ್ಲದೆ ತಾಯಿಯಿಂದ ಕರುವಿಗೆ ತಲೆಮಾರುಗಳವರೆಗೆ ಇಳಿಯುತ್ತದೆ.

ಮಾಸು, ಸತ್ತ ಮರಿ, ತಾಯಿಯ ರಕ್ತ ಈ ಮೂರನ್ನೂ ಮಂಜುಗಡ್ಡೆಯಲ್ಲಿಟ್ಟು ಪಶುವೈದ್ಯರ ಮೂಲಕ ಬೆಂಗಳೂರಿನ ಹೆಬ್ಬಾಳದ ಪ್ರಯೋಗಶಾಲೆಗೆ ಕಳುಹಿಸಬಹುದು. ಬರಿಗೈಯಿಂದ ಮುಟ್ಟಲಾಗದು, ಬಸುರಿ ಹೆಂಗಸರು ಅದರ ಹತ್ತಿರವೂ ಸುಳಿಯಬಾರದು, ಏಕೆಂದರೆ ಇವೇ ರೋಗಗಳು ಮನುಷ್ಯರಿಗೂ ಅಂಟುವುವು. ಜೊತೆಗೆ ಒಂದು ಚೀಟಿ ಬೇಕು: ಟಗರು ಬಿಟ್ಟದ್ದು ಯಾವಾಗ, ಎಷ್ಟನೆಯ ತಿಂಗಳಲ್ಲಿ ಕಂದು ಬಿತ್ತು, ಮಂದೆಯಲ್ಲಿ ಎಷ್ಟು ಕುರಿಗಳಿಗೆ ಹೀಗಾಯಿತು, ಮೇವು ಎಲ್ಲಿಯದು. ಇವನ್ನು ಕುರಿಗಾಹಿಯ ಬಾಯಿಂದಲೇ ಕೇಳಿ ಬರೆದುಕೊಳ್ಳಬೇಕು. ಪ್ರತಿಯೊಂದು ಕುರಿಯ ವಂಶಾವಳಿಯೂ ಅವನಿಗೆ ಬಾಯಿಪಾಠ.