ಜಾಝ್‌ಗೆ ಚರ್ಚಿನ ಬಾಗಿಲು ತೆರೆದ ಧರ್ಮಗುರು

ವಿಲ್ಲಿಂಗ್ಡನ್ ಐಲ್ಯಾಂಡ್: ಡಿಸೆಂಬರ್ ಬಂತೆಂದರೆ ಕೊಚ್ಚಿಯಲ್ಲಿ ಕ್ಯಾರಲ್ ತಂಡಗಳ ಸಡಗರ. ಗಿಟಾರು, ಡ್ರಮ್ಮು, ಚಪ್ಪಾಳೆಗಳೊಂದಿಗೆ ಹುಡುಗರು ಮನೆ ಮನೆಗೆ ಬರುತ್ತಾರೆ. ಕನ್ನಡಿಗರ ಮನೆಯ ಮಕ್ಕಳೂ ಗೇಟಿನ ಬಳಿ ನಿಂತು ತಾಳ ಹಾಕುವುದುಂಟು. ಆದರೆ ಇದೇ ಡ್ರಮ್ಮು ಒಂದು ಕಾಲದಲ್ಲಿ ಕಥೋಲಿಕ ಚರ್ಚಿನೊಳಗೆ ನಿಷಿದ್ಧವಾಗಿತ್ತು ಎಂದರೆ ಹಲವರಿಗೆ ಆಶ್ಚರ್ಯವಾದೀತು.

1903ರಲ್ಲಿ ಪೋಪ್ ಹತ್ತನೇ ಪಿಯುಸ್ ಹೊರಡಿಸಿದ ಆದೇಶದಲ್ಲಿ ಪಿಯಾನೊ, ಡ್ರಮ್ಮು, ತಾಳ ಮುಂತಾದ ವಾದ್ಯಗಳನ್ನು ಚರ್ಚಿನಲ್ಲಿ ನುಡಿಸಬಾರದೆಂದು ಸ್ಪಷ್ಟವಾಗಿ ಹೇಳಲಾಗಿತ್ತು. ಲ್ಯಾಟಿನ್ ಭಾಷೆ, ಗ್ರೆಗೋರಿಯನ್ ಗಾಯನ ಮತ್ತು ಆರ್ಗನ್ ವಾದ್ಯಕ್ಕೇ ಅಗ್ರಸ್ಥಾನ. ಆಫ್ರಿಕನ್ ಮೂಲದ ಅಮೆರಿಕನ್ನರ ಹಾಡುಗಳಿಂದ, ನ್ಯೂ ಆರ್ಲಿಯನ್ಸ್ ನಗರದ ಬೀದಿ ಬ್ಯಾಂಡುಗಳಿಂದ ಬೆಳೆದ ಜಾಝ್ ಸಂಗೀತಕ್ಕಂತೂ ಅಲ್ಲಿ ಜಾಗವೇ ಇರಲಿಲ್ಲ. ಅದು ಕ್ಲಬ್ಬು, ಹೋಟೆಲುಗಳ ಸಂಗೀತ ಎಂಬ ಭಾವನೆ.

ಫಾದರ್ ರಿವರ್ಸ್ ಸಾಹಸ

ಈ ಭಾವನೆಯನ್ನು ಬದಲಿಸಿದವರಲ್ಲಿ ಮುಖ್ಯರು ಫಾದರ್ ಕ್ಲಾರೆನ್ಸ್ ರಿವರ್ಸ್. 1931ರಲ್ಲಿ ಅಮೆರಿಕದ ಅಲಬಾಮಾ ರಾಜ್ಯದ ಸೆಲ್ಮಾದಲ್ಲಿ ಜನನ. 1956ರಲ್ಲಿ ಗುರುದೀಕ್ಷೆ ಪಡೆದ ಅವರು ಸಿನ್ಸಿನಾಟಿ ಮಹಾಧರ್ಮಪ್ರಾಂತ್ಯದ ಮೊದಲ ಕಪ್ಪು ಜನಾಂಗದ ಧರ್ಮಗುರು. ಮನೆಯಲ್ಲಿ, ಬೀದಿಯಲ್ಲಿ ಒಂದು ಸಂಗೀತ. ದೇವರ ಮುಂದೆ ನಿಂತಾಗ ಮಾತ್ರ ಪರಕೀಯರ ಸಂಗೀತ. ತಮ್ಮ ಜನರ ಈ ಸ್ಥಿತಿಯನ್ನು ಅವರು ಹತ್ತಿರದಿಂದ ಕಂಡಿದ್ದರು. ಗ್ರೆಗೋರಿಯನ್ ಗಾಯನವನ್ನು ಅವರು ತಳ್ಳಿಹಾಕಲಿಲ್ಲ. ಅದರ ಜೊತೆಗೆ ತಮ್ಮವರ ಭಕ್ತಿಗೀತೆಗಳ ಧಾಟಿಯನ್ನೂ ಜಾಝ್ ಲಯವನ್ನೂ ಬೆಸೆದು ರಾಗ ಸಂಯೋಜಿಸಿದರು. 1963ರಲ್ಲಿ ಹೊರಬಂದ ಅವರ 'ಆನ್ ಅಮೆರಿಕನ್ ಮಾಸ್ ಪ್ರೋಗ್ರಾಂ' ಇದಕ್ಕೆ ಸಾಕ್ಷಿ.

ಅದೇ ವರ್ಷ ಡಿಸೆಂಬರ್ 4ರಂದು ಎರಡನೇ ವ್ಯಾಟಿಕನ್ ಮಹಾಸಭೆ ಆರಾಧನೆಯ ಕುರಿತ ತನ್ನ ದಾಖಲೆಯನ್ನು ಪ್ರಕಟಿಸಿತು. ಜನರ ಮಾತೃಭಾಷೆಗೆ ಅವಕಾಶ ಸಿಕ್ಕಿತು. ಅಧಿಕಾರಿಗಳ ಒಪ್ಪಿಗೆಯಿದ್ದರೆ ಆರ್ಗನ್ ಅಲ್ಲದ ಇತರ ವಾದ್ಯಗಳನ್ನೂ ಬಳಸಬಹುದೆಂದಾಯಿತು. 1964ರ ಆಗಸ್ಟ್‌ನಲ್ಲಿ ಸೇಂಟ್ ಲೂಯಿಸ್ ನಗರದಲ್ಲಿ ಅಮೆರಿಕದ ಮೊದಲ ಇಂಗ್ಲಿಷ್ ಬಲಿಪೂಜೆ ನಡೆದಾಗ ಫಾದರ್ ರಿವರ್ಸ್ ತಮ್ಮ 'ಗಾಡ್ ಈಸ್ ಲವ್' ಹಾಡಿದರು. ಸಭಿಕರು ಎದ್ದು ನಿಂತು ಬಹಳ ಹೊತ್ತು ಚಪ್ಪಾಳೆ ತಟ್ಟಿದರು. ಅದೇ ಬೇಸಿಗೆಯಲ್ಲಿ ಅಮೆರಿಕದಲ್ಲಿ ವರ್ಣಭೇದದ ವಿರುದ್ಧ ನಾಗರಿಕ ಹಕ್ಕುಗಳ ಕಾಯ್ದೆ ಜಾರಿಗೆ ಬಂದಿತ್ತು ಎಂಬುದನ್ನು ನೆನೆದರೆ ಆ ಚಪ್ಪಾಳೆಯ ಅರ್ಥ ತಿಳಿದೀತು. ರಿವರ್ಸ್ 2004ರಲ್ಲಿ ನಿಧನರಾದರು.

ನಮಗೆ ಅಪರಿಚಿತವಲ್ಲ

ಜಾಝ್ ಎಂದರೆ ದೂರದ ವಿಷಯ ಎಂದುಕೊಳ್ಳಬೇಕಿಲ್ಲ. ಒಬ್ಬರು ಹಾಡಿ ಉಳಿದವರು ಉತ್ತರ ಕೊಡುವ ಕ್ರಮ ನಮ್ಮ ಭಜನೆಯಲ್ಲೂ ಇದೆ. ತಾಳದ ಪೆಟ್ಟನ್ನು ನಾವು ಕಾಯುವ ಜಾಗದಲ್ಲಿ ಕೊಡದೆ ಮುಂಚೆಯೋ ಆಮೇಲೋ ಕೊಡುವುದು ಜಾಝ್‌ನ ಜೀವಾಳ. ಕರ್ನಾಟಕ ಸಂಗೀತ ಕಲಿತವರಿಗೆ ಅತೀತ, ಅನಾಗತ ಎಡುಪುಗಳು ನೆನಪಾಗಬಹುದು. ಹಾಡುತ್ತಲೇ ಹೊಸದನ್ನು ಹುಟ್ಟಿಸುವುದನ್ನು ನಾವು ಮನೋಧರ್ಮ ಎನ್ನುತ್ತೇವೆ.

ರಿವರ್ಸ್ ಅಲ್ಲಿ ದುಡಿಯುತ್ತಿದ್ದ ವರ್ಷಗಳಲ್ಲೇ ನಮ್ಮ ಕೊಚ್ಚಿಯಲ್ಲೂ ಇಂತಹದೇ ಕೆಲಸ ನಡೆದಿತ್ತು. ಇಲ್ಲಿ ಜಾಝ್ ಇರಲಿಲ್ಲ, ಆದರೆ ಪ್ರಶ್ನೆ ಒಂದೇ. 1962ರಲ್ಲಿ ಸಿರೋ ಮಲಬಾರ್ ಚರ್ಚಿನ ಪೂಜಾವಿಧಿ ಸುರಿಯಾನಿಯಿಂದ ಮಲಯಾಳಕ್ಕೆ ಬಂದಾಗ ಜನ ಹಾಡಲು ಹೊಸ ಹಾಡುಗಳು ಬೇಕಾದವು. ಫಾದರ್ ಆಬೆಲ್ ಸರಳ ಮಲಯಾಳದಲ್ಲಿ ಗೀತೆಗಳನ್ನು ಬರೆದರು. ಕೆ.ಕೆ. ಆಂಟನಿ ರಾಗ ಹಾಕಿದರು. ಫೋರ್ಟ್ ಕೊಚ್ಚಿಯಲ್ಲಿ ಹುಟ್ಟಿದ ಯೇಸುದಾಸ್ ಆ ಹಾಡುಗಳಿಗೆ ದನಿಯಾದರು. 1969ರಲ್ಲಿ ಫಾದರ್ ಆಬೆಲ್ ಕಟ್ಟಿದ ಸಂಸ್ಥೆಯೇ ಮುಂದೆ ಕಲಾಭವನವಾಗಿ ಹೆಸರಾಯಿತು. ಮಿಮಿಕ್ರಿ ಕಲಾವಿದರನ್ನೂ ಸಿನಿಮಾ ನಟರನ್ನೂ ಕೊಟ್ಟ ಕಲಾಭವನ ಚರ್ಚಿನ ಹಾಡುಗಳಿಂದಲೇ ಶುರುವಾದದ್ದು ಎಂಬುದು ಗಮನಾರ್ಹ. 2001ರಲ್ಲಿ ಫಾದರ್ ಆಬೆಲ್ ತೀರಿಕೊಂಡರು.

ಕನ್ನಡದಲ್ಲಿ ಇದು ಇನ್ನೂ ಹಳೆಯ ಕಥೆ. ನಿಘಂಟಿನಿಂದ ನಮಗೆಲ್ಲ ಪರಿಚಿತರಾದ ಬಾಸೆಲ್ ಮಿಷನ್‌ನ ಫರ್ಡಿನಾಂಡ್ ಕಿಟ್ಟೆಲ್ 1862ರಲ್ಲೇ 'ಕಥಾಮಾಲೆ' ಬರೆದು, ಕ್ರಿಸ್ತನ ಚರಿತ್ರೆಯನ್ನು ನಮ್ಮ ಛಂದಸ್ಸಿಗೆ ಅಳವಡಿಸಿದರು. ಜರ್ಮನಿಯಿಂದ ಬಂದವರು ಜರ್ಮನ್ ಧಾಟಿಯನ್ನೇ ಹೇರಬಹುದಿತ್ತು. ಆದರೆ ಹಾಡುವವರು ಯಾರು ಎಂಬುದನ್ನು ಅವರು ಮರೆಯಲಿಲ್ಲ.

ನಮ್ಮ ವೇದಿಕೆಗೂ ಪಾಠ

ಹೊರನಾಡಿನ ಕನ್ನಡ ಸಂಘಗಳಲ್ಲೂ ಈ ಚರ್ಚೆ ಇದ್ದದ್ದೇ. ಇಲ್ಲೇ ಹುಟ್ಟಿ ಬೆಳೆದ ಮಕ್ಕಳು ರಾಜ್ಯೋತ್ಸವದಂದು ಗಿಟಾರ್, ಕೀಬೋರ್ಡ್ ಹಿಡಿದು ಭಾವಗೀತೆ ಹಾಡಲು ಬಂದರೆ ಹಿರಿಯರಾದ ನಮಗೆ ಮುಜುಗರ. ಹಾರ್ಮೋನಿಯಂ, ತಬಲಾ ಸಾಲದೇ ಎಂದು ಕೇಳುತ್ತೇವೆ. ಮುಂದಿನ ವರ್ಷ ಆ ಮಕ್ಕಳು ವೇದಿಕೆಯ ಕಡೆ ಬರುವುದೇ ಇಲ್ಲ. ಆಮೇಲೆ, ಮಕ್ಕಳಿಗೆ ಕನ್ನಡದ ಮೇಲೆ ಅಭಿಮಾನವಿಲ್ಲ ಎಂದು ನಾವೇ ದೂರುತ್ತೇವೆ.

ಹಳೆಯದನ್ನು ಬಿಡದೆ ಹೊಸದಕ್ಕೆ ಜಾಗ ಕೊಟ್ಟರು ಫಾದರ್ ರಿವರ್ಸ್. ಹಾಡಿನ ಮಾತು ಕನ್ನಡವಾಗಿರಲಿ, ಉಚ್ಚಾರ ಶುದ್ಧವಾಗಿರಲಿ. ಅಷ್ಟನ್ನು ನಾವು ಕಲಿಸೋಣ. ತಾಳ ಯಾವುದೆಂಬುದನ್ನು ಮಕ್ಕಳಿಗೇ ಬಿಡೋಣವಲ್ಲವೇ?