ಆಟದ ಪೀರಿಯಡ್‌ನಲ್ಲಿ ಬ್ಯಾಗು ಕಾಯುವವರು

ಆಟದ ಪೀರಿಯಡ್ ಬಂತೆಂದರೆ ಕಣ್ಣು ಕಾಣದ ಹುಡುಗನಿಗೆ ನಮ್ಮ ಎಷ್ಟೋ ಶಾಲೆಗಳಲ್ಲಿ ಸಿಗುವುದು ಒಂದೇ ಕೆಲಸ: ಮರದಡಿ ಕೂತು ಎಲ್ಲರ ಬ್ಯಾಗು ಕಾಯುವುದು. ಮೇಷ್ಟರದ್ದು ಕರುಣೆಯೇ, ಬಿದ್ದುಗಿದ್ದರೆ ಮನೆಯವರಿಗೆ ಏನು ಹೇಳುವುದು ಎಂಬ ಭಯವೂ ಇದೆ. ಹತ್ತನೇ ತರಗತಿ ಮುಗಿಯುವ ಹೊತ್ತಿಗೆ ಆ ಕರುಣೆಯ ಫಲ ಹುಡುಗನ ಮೈಯಲ್ಲೇ ಕಾಣುತ್ತದೆ. ಬಾಗಿದ ಕತ್ತು, ಅನುಮಾನದ ಹೆಜ್ಜೆ, ನಾಲ್ಕು ಮೆಟ್ಟಿಲಿಗೇ ಏದುಸಿರು.

5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈದಣಿಯುವ ಚಟುವಟಿಕೆ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ. ಅಂಗವೈಕಲ್ಯ ಇರುವ ಮಕ್ಕಳಿಗೂ ಅದೇ 60 ನಿಮಿಷ.

ಕಣ್ಣಿರುವ ಮಗುವಿಗೆ ಕುಪ್ಪಳಿಸುವುದನ್ನು ಯಾರೂ ಕಲಿಸುವುದಿಲ್ಲ, ಪಕ್ಕದ ಮನೆಯ ಮಗುವನ್ನು ನೋಡಿಯೇ ಕಲಿಯುತ್ತದೆ. ಕಾಣದ ಮಗುವಿಗೆ ಮೈ ಮುಟ್ಟಿ, ಮಂಡಿ ಮಡಿಸಿ ತೋರಿಸಬೇಕು. ಯಾರೂ ತೋರಿಸದಿದ್ದರೆ 'ಇವನ ಕೈಲಿ ಆಗಲ್ಲ' ಎಂಬ ತೀರ್ಪು ಸಿದ್ಧ. ಕಿವಿ ಕೇಳದವರ ಪಾಡು ಬೇರೆ. ಕಾಲಲ್ಲಿ ಕಸುವಿದೆ, ಆದರೆ ಸೀಟಿ ಊದುವುದು ಬೆನ್ನ ಹಿಂದೆ. ಸಮತೋಲನದ ಅಂಗವೂ ಒಳಗಿವಿಯಲ್ಲೇ ಇರುವುದರಿಂದ ಕೆಲವರಿಗೆ ಒಂಟಿಕಾಲಲ್ಲಿ ನಿಲ್ಲುವುದು, ಕತ್ತಲಲ್ಲಿ ನಡೆಯುವುದು ಕಷ್ಟ. ನೀರಲ್ಲಿ ಮುಳುಗಿದರೆ ಮೇಲು ಯಾವುದು, ಕೆಳಗು ಯಾವುದು ಎಂದೇ ತಿಳಿಯದೆ ಹೋಗಬಹುದು. ಇಂಥವರು ಒಬ್ಬರೇ ಈಜಬಾರದು. ಸಮತೋಲನದ ಈ ತೊಡಕನ್ನು ಕಡಿಮೆ ಮಾಡುವುದೂ ಮೈ ಆಡಿಸುವ ಅಭ್ಯಾಸವೇ.

ಆಟವನ್ನೇ ಆಡುವವರಿಗೆ ತಕ್ಕಂತೆ ಹೊಂದಿಸಿಕೊಳ್ಳಬಹುದು. ಅಂಧರ ಕ್ರಿಕೆಟ್ಟಿನ ನಿಯಮಗಳನ್ನು ನೋಡಿ. ಚೆಂಡು ಪ್ಲಾಸ್ಟಿಕ್ಕಿನದು, ಒಳಗೆ ಗಲಗಲ ಎನ್ನುವ ಗುಂಡುಗಳು. ಬೌಲರ್ 'ರೆಡಿ?' ಎಂದು ಕೇಳಿ, ಬ್ಯಾಟ್ ಹಿಡಿದವನು 'ಯೆಸ್' ಎಂದ ಮೇಲೆಯೇ 'ಪ್ಲೇ' ಎಂದು ಕೂಗಿ ಚೆಂಡನ್ನು ಕೈ ಕೆಳಗಿನಿಂದ ಎಸೆಯುತ್ತಾನೆ. ಹನ್ನೊಂದು ಜನರಲ್ಲಿ ಕನಿಷ್ಠ ನಾಲ್ವರು ಪೂರ್ಣ ಅಂಧರಿರಬೇಕು. ಅವರು ಹೊಡೆದ ಒಂದೊಂದು ರನ್ನಿಗೂ ಎರಡರ ಬೆಲೆ. ನನಗೆ ತುಂಬ ಹಿಡಿಸಿದ ನಿಯಮವಿದು. ಏನೂ ಕಾಣದವನನ್ನು ಕೂರಿಸಿ ಗೆಲ್ಲುತ್ತೇನೆಂದರೆ ನಾಯಕನಿಗೆ ಸಾಧ್ಯವೇ ಇಲ್ಲ.

ಶಿವಮೊಗ್ಗದ ಅಂಧರ ಶಾಲೆಯಲ್ಲಿ ಈ ಆಟ ಕಲಿತ ಶೇಖರ್ ನಾಯ್ಕ್, 2012ರಲ್ಲಿ ಬೆಂಗಳೂರಲ್ಲೇ ನಡೆದ ಅಂಧರ ಮೊದಲ ಟಿ20 ವಿಶ್ವಕಪ್ಪನ್ನು ಭಾರತಕ್ಕೆ ಗೆದ್ದುಕೊಟ್ಟ ನಾಯಕ. 2017ರಲ್ಲಿ ಪದ್ಮಶ್ರೀ ಬಂತು. ಚಿಕ್ಕಮಗಳೂರಿನ ಅಂಧ ಓಟಗಾರ್ತಿ ರಕ್ಷಿತಾ ರಾಜು 2018ರ ಏಷ್ಯನ್ ಪ್ಯಾರಾ ಕ್ರೀಡಾಕೂಟದಲ್ಲಿ 1500 ಮೀಟರ್ ಚಿನ್ನ ಗೆದ್ದಾಗ ಇನ್ನೂ ಹದಿಹರೆಯದಲ್ಲಿದ್ದರು.

ಪದಕದ ಕಥೆಗಳಿಗೆ ಚಪ್ಪಾಳೆ ತಟ್ಟೋಣ, ಆದರೆ ಅವನ್ನೇ ಹೇಳುತ್ತ ಕೂತರೆ ಪ್ರತಿಭೆಯಿಲ್ಲದ ಹುಡುಗ ಮತ್ತೆ ಮರದಡಿಗೇ. ಕೆಟ್ಟದಾಗಿ ಆಡಲಿಕ್ಕೂ ಅವನಿಗೆ ಅವಕಾಶ ಬೇಕು. ಕ್ಯಾಚ್ ಬಿಟ್ಟು ಬೈಸಿಕೊಳ್ಳಬೇಕು, ಔಟೋ ಅಲ್ಲವೋ ಎಂದು ಜಗಳ ಕಾಯಬೇಕು. ಹದಿಹರೆಯದವರ ಬದುಕಿನ ಗುಣಮಟ್ಟ ಅಳೆಯುವ ಪ್ರಶ್ನಾವಳಿಗಳು ಕೇಳುವುದು ಮೈಯ ಆರೋಗ್ಯವನ್ನಷ್ಟೇ ಅಲ್ಲ. ಗೆಳೆಯರ ಜೊತೆ ಹೊತ್ತು ಕಳೆದೆಯಾ, ನಿನ್ನ ಬಿಡುವಿನಲ್ಲಿ ನಿನಗೆ ಬೇಕಾದ್ದು ಮಾಡಿದೆಯಾ ಎಂದೂ ಕೇಳುತ್ತವೆ. ಬ್ಯಾಗು ಕಾದವನು ಏನೆಂದು ಉತ್ತರಿಸಬೇಕು?

ಅವನನ್ನು ಆಟಕ್ಕೆ ಸೇರಿಸುವುದು ಕಷ್ಟವೇನಲ್ಲ. ಕಬಡ್ಡಿಯನ್ನೇ ತೆಗೆದುಕೊಳ್ಳಿ. ದಾಳಿಗೆ ಬಂದವನು ತಾನೆಲ್ಲಿದ್ದೇನೆಂದು ಬಾಯಿಬಿಟ್ಟು ಸಾರುತ್ತಲೇ ಇರುತ್ತಾನೆ; ಕಾಣದವರಿಗೆ ಹೇಳಿ ಮಾಡಿಸಿದ ಆಟ. ಗೆರೆಯ ಮೇಲೆ ತೆಳು ಹಗ್ಗ ಎಳೆದು ಟೇಪು ಅಂಟಿಸಿದರೆ ಪಾದಕ್ಕೆ ಎಲ್ಲೆ ತಿಳಿಯುತ್ತದೆ. ಅಂಧರ ಆಟವಾದ ಗೋಲ್‌ಬಾಲ್‌ನ ಅಂಕಣದಲ್ಲಿ ಮಾಡುವುದೂ ಇದನ್ನೇ. ಕಿವಿ ಕೇಳದವರಿಗಾಗಿ ಸೀಟಿಯ ಜೊತೆಗೊಂದು ಬಾವುಟ ಬೀಸಿದರಾಯಿತು. ಎರಡೂ ಶಾಲೆಯ ಸಾದಿಲ್ವಾರು ಖರ್ಚಿನಲ್ಲೇ ಬರುತ್ತವೆ.